ಹಳೆಯ ಸೇವೆಯನ್ನು ಮರೆಯಬೇಕೇ?

ಪ್ರಶ್ನೆ: ನನಗೆ 56 ವರ್ಷ. ಯೌವನದಲ್ಲಿ ನಮ್ಮ ಸಭೆಯ ಯುವಜನ ಕೂಟವನ್ನು ನಾನೇ ಶುರು ಮಾಡಿ ಬಹಳ ವರ್ಷ ನಡೆಸಿದೆ. ಎಷ್ಟೋ ಹುಡುಗರು ಕರ್ತನ ಬಳಿಗೆ ಬಂದರು. ಅವರಲ್ಲಿ ಕೆಲವರು ಇವತ್ತು ಪೂರ್ಣಾವಧಿ ಸೇವೆಯಲ್ಲಿದ್ದಾರೆ. ಸಭೆಯಲ್ಲಿ ಈಗಲೂ ನನ್ನನ್ನು ಅದನ್ನೇ ಹೇಳಿ ಪರಿಚಯಿಸುತ್ತಾರೆ. ಆದರೆ ಈಚೆಗೆ ನನ್ನ ಪ್ರಾರ್ಥನೆ ಒಣಗಿದೆ. ಸತ್ಯವೇದ ಓದುವುದು ಬರೀ ಅಭ್ಯಾಸಬಲದಿಂದ. ಸಾಕ್ಷಿ ಹೇಳಲು ನಿಂತರೆ ಬಾಯಿಗೆ ಬರುವುದು ಹಳೆಯ ಕಥೆಯೇ. ಈಗಿನ ಯುವ ನಾಯಕ ಏನು ಮಾಡಿದರೂ ನನಗೆ ತಪ್ಪೇ ಕಾಣುತ್ತದೆ. ಮೊನ್ನೆ ಮಗಳು, 'ಅಪ್ಪಾ, ಈ ವರ್ಷ ದೇವರು ನಿಮಗೆ ಏನು ಕಲಿಸಿದ್ರು?' ಅಂತ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಸತ್ಯವೇದದಲ್ಲಿ ಅಪೊಸ್ತಲ ಪೌಲನು ಹಿಂದಿನದನ್ನು ಮರೆತುಬಿಟ್ಟೆ ಎನ್ನುತ್ತಾನೆ. ನಾನೂ ಎಲ್ಲವನ್ನೂ ಮರೆಯಬೇಕೇ? ದೇವರು ಮಾಡಿದ ಉಪಕಾರವನ್ನು ಮರೆತರೆ ಅದು ಕೃತಘ್ನತೆ ಆಗುವುದಿಲ್ಲವೇ?

ಉತ್ತರ: ಪ್ರಿಯ ಸಹೋದರರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮರೆಯಬೇಕಾಗಿಲ್ಲ. ಮರೆಯಲು ಪ್ರಯತ್ನಪಟ್ಟರೂ ಆಗುವುದಿಲ್ಲ. ನಿಮ್ಮ ತೊಂದರೆ ಇರುವುದು ನೆನಪಿನಲ್ಲಿ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಆ ನೆನಪಿನಿಂದ ನೀವು ಈಗ ಮಾಡಿಸಿಕೊಳ್ಳುತ್ತಿರುವ ಕೆಲಸ ಯಾವುದು, ಅದನ್ನು ನೋಡಬೇಕು.

ಪೌಲನಿಂದಲೇ ಶುರು ಮಾಡೋಣ. ಆ ವಚನವನ್ನು ನಾವು ಹೆಚ್ಚಾಗಿ ಕೇಳುವುದು ಸೋಲಿನ ವಿಷಯದಲ್ಲಿ. ಹಳೆಯ ಪಾಪ, ಹಳೆಯ ಗಾಯ, ಹಳೆಯ ಜಗಳ, ಎಲ್ಲ ಬಿಟ್ಟು ಮುಂದೆ ಹೋಗಿ ಅಂತ ಪ್ರಸಂಗ ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯವನ್ನು 4ನೇ ವಚನದಿಂದ ಓದಿ ನೋಡಿ. ಅಲ್ಲಿರುವುದು ಸೋಲಿನ ಪಟ್ಟಿಯಲ್ಲ, ಹೆಮ್ಮೆಯ ಪಟ್ಟಿ. ಎಂಟನೆಯ ದಿನ ಸುನ್ನತಿ, ಇಸ್ರಾಯೇಲ್ ವಂಶ, ಬೆನ್ಯಾಮೀನನ ಕುಲ, ಇಬ್ರಿಯರಲ್ಲಿ ಇಬ್ರಿಯ, ಕಟ್ಟುನಿಟ್ಟಿನ ಫರಿಸಾಯ ಪಂಗಡದವನು, ಧರ್ಮಶಾಸ್ತ್ರದ ವಿಷಯದಲ್ಲಿ ನಿರ್ದೋಷಿ. ಸಭೆಯನ್ನು ಹಿಂಸಿಸಿದ್ದು ಕೂಡ ಅಲ್ಲಿ ಉತ್ಸಾಹಕ್ಕೆ ಸಾಕ್ಷಿಯಾಗಿ ಬರುತ್ತದೆ. ಆಗಿನ ಲೆಕ್ಕದಲ್ಲಿ ಅದೂ ಒಂದು ಅರ್ಹತೆಯೇ ಆಗಿತ್ತಲ್ಲ! ಇವೆಲ್ಲವನ್ನೂ ಲಾಭದ ಕಡೆಯಿಂದ ತೆಗೆದು ನಷ್ಟದ ಕಡೆಗೆ ಬರೆದೆ ಎನ್ನುತ್ತಾನೆ. ಅಷ್ಟೇ ಅಲ್ಲ, ಕಸ ಎಂದೂ ಕರೆಯುತ್ತಾನೆ.

ಇನ್ನೊಂದು ವಿಷಯ ಗಮನಿಸಿ. ಮರೆತೆ ಎನ್ನುವ ಮನುಷ್ಯನಿಗೆ ಇಡೀ ಪಟ್ಟಿ ಬಾಯಿಪಾಠವಾಗಿದೆ. ಒಂದೂ ಬಿಟ್ಟುಹೋಗಿಲ್ಲ. ಅಂದರೆ ಅವನು ಮಾತಾಡುತ್ತಿರುವುದು ಜ್ಞಾಪಕಶಕ್ತಿಯ ಬಗ್ಗೆ ಅಲ್ಲ. ಇವುಗಳನ್ನು ತೋರಿಸಿ ದೇವರ ಮುಂದೆ ನಿಲ್ಲುವುದನ್ನು ಅವನು ಬಿಟ್ಟಿದ್ದಾನೆ.

ಇಲ್ಲಿಗೆ ನಿಲ್ಲಿಸಿದರೆ ನೀವು, 'ಅದು ಕ್ರಿಸ್ತನನ್ನು ಅರಿಯುವ ಮೊದಲಿನ ಜೀವನ, ನನ್ನದು ಕರ್ತನ ಸೇವೆ' ಎನ್ನಬಹುದು. ನ್ಯಾಯವಾದ ಮಾತು. ಹಾಗಾಗಿ 12ನೇ ವಚನಕ್ಕೆ ಹೋಗಬೇಕು. ಈ ಪತ್ರವನ್ನು ಪೌಲನು ಸೆರೆಯಲ್ಲಿದ್ದು ಬರೆದ. ರೋಮಿನಲ್ಲಿ, ಕ್ರಿ.ಶ. 60–62ರ ಸುಮಾರಿಗೆ ಎಂಬುದು ಹಳೆಯ ಕಾಲದಿಂದ ಬಂದ ಅಭಿಪ್ರಾಯ. ಆ ಲೆಕ್ಕ ಹಿಡಿದರೆ ಯೇಸು ಪೌಲನಿಗೆ ಕಾಣಿಸಿಕೊಂಡ ದಮಸ್ಕದ ದಾರಿಯ ಘಟನೆಯಾಗಿ ಸುಮಾರು 25 ವರ್ಷ ಕಳೆದಿದೆ. ಅಷ್ಟರಲ್ಲಿ ಎಷ್ಟೊಂದು ಸಭೆಗಳು ಹುಟ್ಟಿವೆ. ಎಷ್ಟೊಂದು ಪತ್ರಗಳು ಹೋಗಿವೆ. ಫಿಲಿಪ್ಪಿಯ ಸಭೆಯೇ ಅವನ ಕೈಯಿಂದ ಶುರುವಾದದ್ದು. ಅಲ್ಲಿ ನಂಬಿದ ಲುದ್ಯ ಎಂಬ ಹೆಂಗಸು, ಸೆರೆಮನೆಯ ಯಜಮಾನ, ಭೂಕಂಪವಾದ ಆ ರಾತ್ರಿ, ಇವೆಲ್ಲ ಅಪೊಸ್ತಲರ ಕೃತ್ಯಗಳು 16ರಲ್ಲಿವೆ. ಪತ್ರ ಓದುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿದೆ. ಇಂಥ ಸಭೆಗೆ ಬರೆಯುವಾಗ 'ನಿಮ್ಮ ಸಭೆ ಕಟ್ಟಿದವನು ನಾನು' ಎಂದು ಅವನು ಶುರು ಮಾಡಬಹುದಿತ್ತು. ಬದಲಿಗೆ, ನಾನು ಇನ್ನೂ ಗುರಿಯನ್ನು ಪಡೆದುಕೊಂಡಿಲ್ಲ, ಇನ್ನೂ ಓಡುತ್ತಿದ್ದೇನೆ ಎನ್ನುತ್ತಾನೆ. ಸಂಕೋಲೆ ಹಾಕಿಸಿಕೊಂಡು ಕುಳಿತವನು ಓಡುತ್ತಿದ್ದೇನೆ ಎನ್ನುತ್ತಾನೆ!

ನಾಲ್ಕನೆಯ ಶತಮಾನದಲ್ಲಿ ನಿಸ್ಸಾದ ಗ್ರೆಗೋರಿ ಎಂಬ ಬಿಷಪ್ ಇದ್ದರು. ಅವರ ಯೋಚನೆಯ ದೊಡ್ಡ ಭಾಗ ಈ ವಚನದ ಮೇಲೆಯೇ ನಿಂತಿದೆ. ದೇವರಿಗೆ ಕೊನೆಯಿಲ್ಲ, ಆದ್ದರಿಂದ ದೇವರಲ್ಲಿ ಬೆಳೆಯುವುದಕ್ಕೂ ಕೊನೆಯಿಲ್ಲ ಎನ್ನುವುದು ಅವರ ವಾದ. ಪರಿಪೂರ್ಣತೆ ಎಂದರೆ ಬೆಳೆಯುವುದನ್ನು ನಿಲ್ಲಿಸದಿರುವುದು. ನನಗೆ ಇದು ತುಂಬಾ ಸಮಾಧಾನ ಕೊಡುವ ಮಾತು. 56ಕ್ಕೆ ಎಲ್ಲ ಮುಗಿಸಿರಬೇಕಿತ್ತು ಎಂಬ ಒತ್ತಡ ಇಲ್ಲಿಲ್ಲ. ಇಷ್ಟು ಮಾಡಿದ್ದೇನೆ, ಸಾಕು ಎನ್ನುವ ಅನುಮತಿಯೂ ಇಲ್ಲ.

ಈಗ ಕೃತಘ್ನತೆಯ ಮಾತು. ನೆನಪಿಟ್ಟುಕೊಳ್ಳಿ ಎಂದು ಸತ್ಯವೇದವೇ ಮತ್ತೆ ಮತ್ತೆ ಹೇಳುತ್ತದೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯ ಪೂರ್ತಿ ಅದೇ. ಆದರೆ ಯೆಶಾಯ 43ಕ್ಕೆ ಬನ್ನಿ. ಹಿಂದಿನದನ್ನು ನೆನಸಬೇಡಿ, ಇಗೋ ಹೊಸದನ್ನು ಮಾಡುತ್ತೇನೆ ಎಂದು ದೇವರು ಹೇಳುತ್ತಾರೆ. ಯಾವ ಹಿಂದಿನದು? ಅದಕ್ಕೆ ಮೊದಲಿನ ಎರಡು ವಚನ ನೋಡಿದರೆ ಸಮುದ್ರದಲ್ಲಿ ದಾರಿ, ಮುಳುಗಿಹೋದ ರಥಗಳು. ಐಗುಪ್ತದಿಂದ ಬಿಡಿಸಿದ ಘಟನೆ! ಪ್ರತಿ ಪಸ್ಕ ಹಬ್ಬದಲ್ಲೂ ನೆನೆಯಬೇಕೆಂದು ದೇವರೇ ಹೇಳಿದ ಆ ಘಟನೆಯನ್ನೇ ಈಗ ಬಿಡಿ ಎನ್ನುತ್ತಾರೆ. ಮೂರೇ ಅಧ್ಯಾಯ ಮುಂದೆ, 46ರಲ್ಲಿ, ಪುರಾತನ ಸಂಗತಿಗಳನ್ನು ಜ್ಞಾಪಿಸಿಕೊಳ್ಳಿ ಎಂಬ ಮಾತು ಮತ್ತೆ ಬರುತ್ತದೆ.

ಇದನ್ನು ಹೇಗೆ ಹೊಂದಿಸುವುದು? ನನಗೆ ಇದಕ್ಕೆ ದಾರಿ ಸಿಗುವುದು ಮನ್ನದ, ಅಂದರೆ ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಆಕಾಶದಿಂದ ಕೊಟ್ಟ ಆಹಾರದ, ಕಥೆಯಲ್ಲಿ. ವಿಮೋಚನಕಾಂಡ 16ರಲ್ಲಿ ಎರಡು ಬಗೆಯ ಮನ್ನ ಇದೆ. ಒಂದು ತಿನ್ನುವುದು. ಅದನ್ನು ಆಯಾ ದಿನ ಕೂಡಿಸಬೇಕು. ಬೆಳಗಿನವರೆಗೆ ಇಟ್ಟುಕೊಂಡವರ ಮನ್ನ ಹುಳ ಬಿದ್ದು ನಾರಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿಗಾಗಿ ಇಟ್ಟದ್ದು ಮಾತ್ರ ಕೆಡಲಿಲ್ಲ. ಇನ್ನೊಂದು ಪಾತ್ರೆಯಲ್ಲಿ ಇಟ್ಟ ಮನ್ನ. ನಿಮ್ಮನ್ನು ಅರಣ್ಯದಲ್ಲಿ ಹೇಗೆ ಪೋಷಿಸಿದೆ ಎಂಬುದನ್ನು ಮುಂದಿನ ತಲೆಮಾರಿನವರು ನೋಡಲಿ ಎಂದು ಒಂದು ಅಳತೆ ಮನ್ನವನ್ನು ಯೆಹೋವನ ಮುಂದೆ ಇಡಿಸಿದರು. ಅದು ಉಳಿಯಿತು. ಆದರೆ ಅದನ್ನು ಯಾರೂ ತಿನ್ನಲಿಲ್ಲ. ಹಸಿವಾದವರು ಆ ಪಾತ್ರೆಯ ಹತ್ತಿರ ಹೋಗಲಿಲ್ಲ, ಬೆಳಿಗ್ಗೆ ಎದ್ದು ಪಾಳೆಯದ ಹೊರಗೆ ಹೋದರು.

ನಿಮ್ಮ ಯುವಜನ ಕೂಟದ ವರ್ಷಗಳು ಆ ಪಾತ್ರೆಗೆ ಸೇರಿದ್ದು. ದೇವರು ಏನು ಮಾಡಿದರು ಎಂದು ಮಕ್ಕಳಿಗೆ ತೋರಿಸಲು ಅದು ಬೇಕು. ಅದನ್ನು ಎಸೆಯಬೇಡಿ. ಆದರೆ ನೀವು ಈಗ ಊಟಕ್ಕೂ ಅದನ್ನೇ ನಂಬಿಕೊಂಡಿದ್ದೀರಿ. ಪ್ರಾರ್ಥನೆ ಒಣಗಿದೆ ಎನ್ನುತ್ತೀರಿ, ಅದು ಹಸಿವು. ಹಸಿವಾದಾಗಲೆಲ್ಲ ಹಳೆಯ ದಿನಗಳನ್ನು ತೆಗೆದು ನೋಡುತ್ತೀರಿ, ಮನಸ್ಸಿಗೆ ಸ್ವಲ್ಪ ಹಿತವಾಗುತ್ತದೆ, ಮತ್ತೆ ಮುಚ್ಚಿಡುತ್ತೀರಿ. ಹೊಟ್ಟೆ ತುಂಬುವುದಿಲ್ಲ.

ಇದು ಇನ್ನೂ ಮುಂದಕ್ಕೆ ಹೋಗುವುದುಂಟು. ಅರಣ್ಯಕಾಂಡ 21ರಲ್ಲಿ ಮೋಶೆ ತಾಮ್ರದ ಸರ್ಪ ಮಾಡಿದ್ದು ದೇವರ ಅಪ್ಪಣೆಯಿಂದಲೇ. ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಹಲವು ಶತಮಾನ ಕಳೆದ ಮೇಲೆ, 2 ಅರಸುಗಳು 18ರಲ್ಲಿ, ಅರಸನಾದ ಹಿಜ್ಕೀಯನು ಅದೇ ಸರ್ಪವನ್ನು ಚೂರುಚೂರು ಮಾಡಿಸುತ್ತಾನೆ. ಜನ ಅಷ್ಟು ಕಾಲದಿಂದ ಅದಕ್ಕೆ ಧೂಪ ಹಾಕುತ್ತಿದ್ದರಂತೆ. ಯೋಚನೆ ಮಾಡಿ, ಮೋಶೆಯ ಕೈಯಿಂದ ಆದ ವಸ್ತು ಅದು. ಅದನ್ನು ಒಡೆಯುವಾಗ ಹಿರಿಯರು ಎಷ್ಟು ನೊಂದಿರಬಹುದು! ನಮ್ಮ ಹಿರಿಯರಿಗೆ ಅವಮಾನ ಎಂದು ಯಾರಾದರೂ ಗೊಣಗಿಯೇ ಇರುತ್ತಾರೆ. ಅದು ಬರೆದಿಲ್ಲ, ನನ್ನ ಊಹೆ ಅಷ್ಟೇ. ಬರೆದಿರುವುದು ಏನೆಂದರೆ, ಹಿಜ್ಕೀಯನು ದೇವರ ದೃಷ್ಟಿಗೆ ಸರಿಯಾದದ್ದನ್ನು ಮಾಡಿದ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಯೋಹಾನ 3ರಲ್ಲಿ ನಿಕೊದೇಮನೆಂಬ ಯೆಹೂದ್ಯರ ಹಿರಿಯನು ರಾತ್ರಿ ಬಂದಾಗ ಯೇಸು ಸ್ವಾಮಿ ಇದೇ ಸರ್ಪವನ್ನು ಎತ್ತಿಕೊಳ್ಳುತ್ತಾರೆ. ಮೋಶೆ ಅರಣ್ಯದಲ್ಲಿ ಸರ್ಪವನ್ನು ಎತ್ತರಕ್ಕೆ ಏರಿಸಿದ ಹಾಗೆ ಮನುಷ್ಯಕುಮಾರನೂ ಏರಿಸಲ್ಪಡಬೇಕು ಎನ್ನುತ್ತಾರೆ. ತಾಮ್ರ ಪುಡಿಯಾಗಿ ಎಷ್ಟೋ ಕಾಲವಾಗಿತ್ತು. ಘಟನೆ ಮಾತ್ರ ಕ್ರಿಸ್ತನನ್ನು ತೋರಿಸುವ ಬೆರಳಾಗಿ ಉಳಿದಿತ್ತು. ನನ್ನ ಅನಿಸಿಕೆ ಏನೆಂದರೆ, ಹಿಜ್ಕೀಯನು ಅದನ್ನು ಒಡೆಯದೇ ಹೋಗಿದ್ದರೆ ಅದು ಬರೀ ವಿಗ್ರಹವಾಗಿಯೇ ಉಳಿಯುತ್ತಿತ್ತು. ನಿಮ್ಮ ಹಳೆಯ ಸೇವೆಗೆ ನೀವು ಕಟ್ಟಿಕೊಂಡ ಸ್ಥಾನ ಹೋದರೆ ಆ ಸೇವೆ ಸುಳ್ಳಾಗುವುದಿಲ್ಲ.

ಸ್ಥಾನ ಎಂದೆ. ಇದರಲ್ಲಿ ತಪ್ಪು ನಿಮ್ಮೊಬ್ಬರದೇ ಅಲ್ಲ, ಅದನ್ನೂ ಹೇಳಬೇಕು. ನಮ್ಮ ಸಭೆಗಳಿಗೆ ಒಂದು ದುರಭ್ಯಾಸ ಇದೆ. ಒಬ್ಬರು ಒಮ್ಮೆ ಏನಾದರೂ ದೊಡ್ಡದು ಮಾಡಿದರೆ ಜೀವನಪೂರ್ತಿ ಅವರನ್ನು ಅಲ್ಲೇ ನಿಲ್ಲಿಸಿಬಿಡುತ್ತೇವೆ. ವರ್ಷ ವರ್ಷ ಅದೇ ಪರಿಚಯ, ಅದೇ ಶಾಲು, ಅದೇ ಸಾಕ್ಷಿ. 'ಬ್ರದರ್, ಆ ರಾತ್ರಿಯ ಪ್ರಾರ್ಥನೆಯ ವಿಷಯ ಹೇಳಿ' ಅಂತ ಕೇಳುತ್ತೇವೆ. ಈ ವಾರ ನಿಮ್ಮ ಪ್ರಾರ್ಥನೆ ಹೇಗಿದೆ ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದ್ದು ನಿಮ್ಮ ಮಗಳು ಮಾತ್ರ. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅಂಥ ಪ್ರಶ್ನೆ ಕೇಳುವವರು ಮನೆಯಲ್ಲೇ ಇರುವುದು ದೊಡ್ಡ ಕೃಪೆ.

ಸಾಕ್ಷಿ ಹೇಳುವುದನ್ನೇ ನಿಲ್ಲಿಸಬೇಕೇ? ಬೇಡ. ಪೌಲನ ದಮಸ್ಕದ ಕಥೆ ಅಪೊಸ್ತಲರ ಕೃತ್ಯಗಳಲ್ಲಿ ಮೂರು ಸಲ ಬರುತ್ತದೆ. ಅದರಲ್ಲಿ ಎರಡು ಸಲ ಅವನೇ ಹೇಳುತ್ತಾನೆ, ಒಮ್ಮೆ ಅವನನ್ನು ಕೊಲ್ಲಲು ನೋಡಿದ ಗುಂಪಿಗೆ, ಒಮ್ಮೆ ಅರಸನಾದ ಅಗ್ರಿಪ್ಪನಿಗೆ. ಎರಡೂ ಕಡೆ ಹೊರಗಿನವರಿಗೆ, ಅಪಾಯದ ನಡುವೆ. ಇದರ ಪಕ್ಕಕ್ಕೆ 2 ಕೊರಿಂಥ 12 ಇಟ್ಟು ನೋಡಿ. ಅವನಿಗೆ ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟ ಅನುಭವ ಆಗಿತ್ತು. ನಮ್ಮಲ್ಲಿ ಯಾರಿಗಾದರೂ ಆಗಿದ್ದರೆ ಮುಂದಿನ ಭಾನುವಾರವೇ ಎಲ್ಲರಿಗೂ ಗೊತ್ತಾಗುತ್ತಿತ್ತು, ಅಲ್ವಾ? ಪೌಲ ಅದನ್ನು ಬರೆಯುವಾಗ ಹದಿನಾಲ್ಕು ವರ್ಷ ಕಳೆದಿತ್ತು. ಅದೂ ಕೊರಿಂಥದವರ ಒತ್ತಡಕ್ಕೆ, ಯಾರೋ ಬೇರೆಯವರ ವಿಷಯ ಹೇಳುವ ಹಾಗೆ ಬರೆದ. ಅದರ ಬೆನ್ನಿಗೇ ತನ್ನ ಶರೀರದ ಮುಳ್ಳಿನ, ಅಂದರೆ ತನ್ನನ್ನು ಕಾಡುತ್ತಿದ್ದ ಬಲಹೀನತೆಯ, ಮಾತು ತೆಗೆದ. ತನ್ನನ್ನು ಇರುವುದಕ್ಕಿಂತ ಜಾಸ್ತಿ ಎಣಿಸಬಾರದು ಎನ್ನುವುದು ಅವನ ಕಾಳಜಿ.

ಆದ್ದರಿಂದ ಸಾಕ್ಷಿ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಕೇಳುವವರಿಗೆ ಬೇಕಾಗಿದೆಯೇ, ನನಗೆ ಬೇಕಾಗಿದೆಯೇ? ಕೇಳುವವರಿಗೆ ಬೇಕಿದ್ದರೆ ಧಾರಾಳವಾಗಿ ಹೇಳಿ. ಹೇಳುವಾಗ ಆಗ ಎಡವಿದ್ದನ್ನೂ ಸೇರಿಸಿ. ಕಥೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದರೆ, ಅದರಲ್ಲಿ ನಿಮ್ಮ ಪಾತ್ರವೂ ದೊಡ್ಡದಾಗುತ್ತಿದ್ದರೆ, ಸ್ವಲ್ಪ ಕಾಲ ಬಿಟ್ಟುಬಿಡುವುದು ಒಳ್ಳೆಯದು.

ಲೂಕ 10ರಲ್ಲಿ ಶಿಷ್ಯರು ಸೇವೆ ಮುಗಿಸಿ ಸಂತೋಷದಿಂದ ಬರುತ್ತಾರೆ. ದೆವ್ವಗಳೂ ನಮಗೆ ಅಧೀನವಾದವು ಎಂದು ವರದಿ ಕೊಡುತ್ತಾರೆ. ಯೇಸು ಸ್ವಾಮಿ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂತೋಷದ ಕಾರಣವನ್ನು ಬದಲಾಯಿಸುತ್ತಾರೆ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆ ಎಂದು ಸಂತೋಷಪಡಿ ಎನ್ನುತ್ತಾರೆ. ಇದನ್ನು ನಾವು ಗದರಿಕೆ ಎಂದು ಓದುತ್ತೇವೆ. ನನಗೆ ಇದರಲ್ಲಿ ಕಾಣುವುದು ಅಕ್ಕರೆ. ಸೇವೆ ಚೆನ್ನಾಗಿ ನಡೆದ ದಿನವೇ ಅವರು ಈ ಮಾತು ಹೇಳಿದರು, ಯಾಕೆಂದರೆ ಸೇವೆ ನಡೆಯದ ದಿನವೂ ಬರುತ್ತದೆ. ಫಲಿತಾಂಶದ ಮೇಲೆ ಸಂತೋಷ ಕಟ್ಟಿಕೊಂಡವರಿಗೆ ಅವತ್ತು ಕೈಯಲ್ಲಿ ಉಳಿಯುವುದು ಹಳೆಯ ವರದಿ ಮಾತ್ರ.

ಈಗ ಆ ಯುವ ನಾಯಕನ ವಿಷಯ. ನಿಮ್ಮ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನಗೆ ಮುಖ್ಯ ಅನ್ನಿಸಿದ್ದು ಅದೇ. ಸಾಧನೆ ನಮಗೆ ಮಾಡುವ ದೊಡ್ಡ ಹಾನಿ ಅಹಂಕಾರ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಅಹಂಕಾರ ಕಣ್ಣಿಗೆ ಬೀಳುತ್ತದೆ, ಯಾರಾದರೂ ಹೇಳುತ್ತಾರೆ. ಕಣ್ಣಿಗೆ ಬೀಳದ ಹಾನಿ ಇನ್ನೊಂದಿದೆ. ಸಾಧನೆ ನಮ್ಮನ್ನು ವಿದ್ಯಾರ್ಥಿಯ ಬೆಂಚಿನಿಂದ ಸುಮ್ನೆ ಎಬ್ಬಿಸಿಬಿಡುತ್ತದೆ. ಆಮೇಲೆ ಎಲ್ಲಿ ಕೂತರೂ ನಾವು ಪರೀಕ್ಷಕರೇ. ಪ್ರಸಂಗ ಕೇಳುತ್ತಾ ಅಂಕ ಹಾಕುತ್ತೇವೆ. ಹೊಸ ಹಾಡು ಬಂದರೆ ಹಳೆಯದರ ಜೊತೆ ತೂಗುತ್ತೇವೆ. ನಮ್ಮ ಕಾಲದಲ್ಲಿ ಪವಿತ್ರಾತ್ಮನು ಕೆಲಸ ಮಾಡಿದ ರೀತಿಯೇ ಅವನ ಒಂದೇ ರೀತಿ ಎಂಬಂತೆ ಮಾತಾಡುತ್ತೇವೆ.

ಅಪೊಲ್ಲೋಸನನ್ನು ನೋಡಿ. ಅಪೊಸ್ತಲರ ಕೃತ್ಯಗಳು 18ರಲ್ಲಿ ಬರುತ್ತಾನೆ. ಅಲೆಕ್ಸಾಂದ್ರಿಯದವನು, ವಾಕ್ಚಾತುರ್ಯ ಇದ್ದವನು, ಶಾಸ್ತ್ರಗಳಲ್ಲಿ ಪ್ರವೀಣ. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುತ್ತಿದ್ದ. ಅವನ ಮಾತು ಕೇಳಿದ ಪ್ರಿಸ್ಕಿಲ್ಲ, ಅಕ್ವಿಲ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು. ಅವರು ಗುಡಾರ ಮಾಡುವ ಕಸುಬಿನವರು. ಅಷ್ಟು ದೊಡ್ಡ ಮಾತುಗಾರ ಅವರ ಮುಂದೆ ಕೂತು ಕಲಿತ. ಆಮೇಲೆ ಅಖಾಯಕ್ಕೆ ಹೋಗಿ ಅಲ್ಲಿಯವರಿಗೆ ಬಹಳ ಸಹಾಯ ಮಾಡಿದ ಎಂದಿದೆ. ನನಗೆ ಗೊತ್ತಿರುವುದೇ ಸಾಕು ಎಂದು ಅವನು ಎದ್ದುಹೋಗಿದ್ದರೆ ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನದವರೆಗಿನ ತಿಳುವಳಿಕೆಯಲ್ಲೇ ಉಳಿಯುತ್ತಿದ್ದ.

ಹಾಗಾದರೆ ಹಿಂದಿನ ನಂಬಿಗಸ್ತಿಕೆಗೆ ಬೆಲೆಯೇ ಇಲ್ಲವೇ? ಇದೆ. ಅದಕ್ಕೆ ಕಾಲೇಬನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಯೆಹೋಶುವ 14ರಲ್ಲಿ ಅವನಿಗೆ 85 ವರ್ಷ. 40ನೇ ವಯಸ್ಸಿನಲ್ಲಿ ಕಾನಾನ್ ದೇಶಕ್ಕೆ ಗೂಢಚಾರನಾಗಿ ಹೋಗಿ ಧೈರ್ಯದ ವರದಿ ತಂದವನು. ಜೊತೆಗೆ ಹೋಗಿದ್ದ ಹತ್ತು ಜನ ಹೆದರಿಸಿದಾಗ ಯೆಹೋಶುವನ ಜೊತೆ ನಿಂತವನು. ಈಗ ಯೆಹೋಶುವನ ಮುಂದೆ ಬಂದು ಆ ಹಳೆಯ ಕಥೆಯನ್ನು ಪೂರ್ತಿ ಹೇಳುತ್ತಾನೆ. ವರ್ಷ ಲೆಕ್ಕ ಹಾಕಿ ಹೇಳುತ್ತಾನೆ. ಹಳೆಯ ಸಾಧನೆಯ ಬಗ್ಗೆ ಇಷ್ಟು ನೇರವಾಗಿ ಮಾತಾಡಿದವರು ಸತ್ಯವೇದದಲ್ಲಿ ಕಡಿಮೆ. ನಾನಾಗಿದ್ದರೆ ಅದರ ಕೊನೆಗೆ ಬಾವಿ ಇರುವ ಸಮತಟ್ಟು ಜಾಗವನ್ನು ಕೇಳುತ್ತಿದ್ದೆ, ವಿಶ್ರಾಂತಿಗೆ. ಕಾಲೇಬ ಕೇಳಿದ್ದು ಬೆಟ್ಟದ ಸೀಮೆಯನ್ನು. ಅಲ್ಲಿ ದೈತ್ಯರಂಥ ಅನಾಕ್ಯರಿದ್ದಾರೆ, ಕೋಟೆಯ ಪಟ್ಟಣಗಳಿವೆ, ಗೊತ್ತಿದ್ದೇ ಕೇಳಿದ. ಯಾರನ್ನು ನೋಡಿ ಆ ಹತ್ತು ಜನ 45 ವರ್ಷದ ಹಿಂದೆ ಮಿಡತೆಗಳಂತೆ ಕುಗ್ಗಿದ್ದರೋ ಅವರ ಊರೇ ಬೇಕು ಎಂದ. ಹೆಬ್ರೋನ್ ಅವನ ಪಾಲಿಗೆ ಬಂತು. ಮುಂದಿನ ಅಧ್ಯಾಯದಲ್ಲಿ ಅವನು ಅನಾಕನ ಮೂವರು ಮಕ್ಕಳನ್ನು ಓಡಿಸಿದ ಎಂದೂ ಇದೆ.

ಕಾಲೇಬನ ನೆನಪು ಅವನನ್ನು ಕೂರಿಸಲಿಲ್ಲ. ಅಂದು ನಡೆಸಿದ ದೇವರು ಇವತ್ತೂ ನಡೆಸುತ್ತಾರೆ ಎಂದು ಇನ್ನೊಂದು ಕಷ್ಟದ ಕೆಲಸ ಕೇಳಿಸಿತು. ನಿಮ್ಮ ಹಳೆಯ ವರ್ಷಗಳನ್ನು ಹೀಗೆ ಪರೀಕ್ಷಿಸಿ ನೋಡಿ. ಅವು ನಿಮ್ಮಿಂದ ಏನನ್ನಾದರೂ ಕೇಳಿಸುತ್ತಿವೆಯೇ? ಅಥವಾ ಎಲ್ಲದರಿಂದ ನಿಮಗೆ ವಿನಾಯಿತಿ ಕೊಡುತ್ತಿವೆಯೇ?

ಏನು ಮಾಡಬೇಕೆಂದು ನೀವು ನೇರವಾಗಿ ಕೇಳಿಲ್ಲ. ಆದರೂ ಎರಡು ಮಾತು. ನಿಮಗೆ ಏನೂ ಗೊತ್ತಿಲ್ಲದ ಒಂದು ಸೇವೆಗೆ ಹೆಸರು ಕೊಡಿ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವುದೋ, ಚಿಕ್ಕ ಮಕ್ಕಳ ಭಾನುವಾರ ಶಾಲೆಯಲ್ಲಿ ಸಹಾಯಕನಾಗುವುದೋ, ಯಾವುದಾದರೂ ಸರಿ. ನಿಮ್ಮ ಹಳೆಯ ಹೆಸರು ಅಲ್ಲಿ ಕೆಲಸಕ್ಕೆ ಬರಬಾರದು, ಅಷ್ಟೇ. ಬೇರೆಯವರನ್ನು ಕೇಳಿ ಕಲಿಯಬೇಕಾದಾಗ ಪ್ರಾರ್ಥನೆ ತಾನಾಗಿಯೇ ಬರುತ್ತದೆ, ಬೇರೆ ದಾರಿಯೇ ಇರುವುದಿಲ್ಲ. ಹಾಗೆಯೇ ಆ ಯುವ ನಾಯಕನ ಹತ್ತಿರ ಹೋಗಿ, ಸಲಹೆ ಕೊಡದೆ, ನಿಮಗಾಗಿ ಏನು ಪ್ರಾರ್ಥಿಸಲಿ ಎಂದು ಕೇಳಿ. ಅವನು ಹೇಳಿದ್ದಕ್ಕೆ ನಿಜವಾಗಿ ಪ್ರಾರ್ಥಿಸಿ. ಮೊದಮೊದಲು ಬಾಯಿ ಕಹಿಯಾಗಬಹುದು. ಯಾರಿಗಾಗಿ ದಿನವೂ ಪ್ರಾರ್ಥಿಸುತ್ತೇವೋ ಅವರ ತಪ್ಪುಗಳನ್ನು ಮಾತ್ರ ಎಣಿಸುತ್ತಾ ಇರುವುದು ಕಷ್ಟ.

ಇನ್ನು ಓದುವುದು. ದಿನಕ್ಕೆ ಮೂರು ಅಧ್ಯಾಯ ಎಂಬ ಹಳೆಯ ಲೆಕ್ಕ ಇದ್ದರೆ ಸ್ವಲ್ಪ ಬಿಡಿ. ನೀವು ಎಂದೂ ಪ್ರಸಂಗ ಮಾಡದ ಒಂದು ಪುಸ್ತಕ ಆರಿಸಿಕೊಳ್ಳಿ. ಗೊತ್ತಿರುವ ಭಾಗಗಳಲ್ಲಿ ನಮ್ಮ ಹಳೆಯ ಟಿಪ್ಪಣಿಗಳೇ ಮಾತಾಡುತ್ತವೆ. ಅದೇ 3ನೇ ಅಧ್ಯಾಯದ 16ನೇ ವಚನವನ್ನೂ ಬಿಡಬೇಡಿ. ನಾವು ಎಲ್ಲಿಯವರೆಗೆ ಬಂದಿದ್ದೇವೋ ಅದಕ್ಕೆ ತಕ್ಕಂತೆಯೇ ನಡೆಯೋಣ ಎಂಬ ಅರ್ಥದ ಮಾತು ಅದು. ಕಲಿತದ್ದನ್ನು ಬಿಟ್ಟು ಶೂನ್ಯದಿಂದ ಶುರು ಮಾಡಿ ಎಂದು ಪೌಲ ಯಾರಿಗೂ ಹೇಳುತ್ತಿಲ್ಲ.

ಒಂದು ಎಚ್ಚರಿಕೆ. ಇಷ್ಟೆಲ್ಲ ಬರೆದದ್ದು ನಿಮ್ಮ ಒಣಗುವಿಕೆಗೆ ಹಳೆಯ ಸಾಧನೆಯೇ ಕಾರಣ ಎಂದುಕೊಂಡು. ನೀವು ಹಾಗೆ ಬರೆದಿದ್ದೀರಿ, ನಾನು ನಂಬಿದೆ. ಆದರೆ ಬೇರೆ ಕಾರಣವೂ ಇರಬಹುದು. ಆಪ್ತರ ಸಾವು, ದೀರ್ಘ ಕಾಯಿಲೆ, ನಿದ್ದೆ ಇಲ್ಲದ ತಿಂಗಳುಗಳು, ಯಾವುದರಲ್ಲೂ ಮನಸ್ಸೇ ಇಲ್ಲದಿರುವುದು, ಇಂಥದ್ದು ಇದ್ದರೆ ಅದು ಬೇರೆಯೇ ವಿಷಯ. ಪ್ರವಾದಿಯಾದ ಎಲೀಯನು ಕರ್ಮೆಲ್ ಬೆಟ್ಟದ ದೊಡ್ಡ ಜಯದ ಬೆನ್ನಿಗೇ ಮರದ ಕೆಳಗೆ ಬಿದ್ದು ಸಾವನ್ನು ಕೇಳಿಕೊಂಡ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. 1 ಅರಸುಗಳು 19ರಲ್ಲಿ ದೂತನು ರೊಟ್ಟಿ, ನೀರು ತಂದಿಟ್ಟ, ಅವನು ತಿಂದು ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. 'ಇಲ್ಲೇನು ಮಾಡುತ್ತೀ' ಎಂಬ ಪ್ರಶ್ನೆ ಬಂದದ್ದು ಎಷ್ಟೋ ದಿನದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಿಮ್ಮದು ಆ ಬಗೆಯ ದಣಿವಾಗಿದ್ದರೆ ಹೊಸ ಸೇವೆಯ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಮೊದಲು ವೈದ್ಯರನ್ನು ನೋಡಿ, ಮನೆಯವರಿಗೂ ಸಭಾಪಾಲಕರಿಗೂ ತಿಳಿಸಿ, ಆಮೇಲೆ ಬೇಕಾದರೆ ನನಗೆ ಮತ್ತೆ ಬರೆಯಿರಿ.